ಮುಚ್ಚಿಹೋದ ಶಾಲೆಯ ಜಿಎನ್‌ಎಂ, ಜರ್ಮನಿಯ ಲೈಸೆನ್ಸು: ಸಾಗರ ಸೀಮೆಯ ಒಂದು ಪ್ರಕರಣ

ಈ ಪ್ರಕರಣದ ಸಿಸ್ಟರ್ ಸಾಗರ ತಾಲ್ಲೂಕಿನ ಶರಾವತಿ ಹಿನ್ನೀರಿನ ಆಚೆ ದಂಡೆಯವರು. ಹೆಸರು, ಊರು, ಕೆಲಸ ಮಾಡಿದ ಆಸ್ಪತ್ರೆಗಳ ಗುರುತು ಇಲ್ಲಿ ಕೊಟ್ಟಿಲ್ಲ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ನಾನು ಶಿವಮೊಗ್ಗದಲ್ಲಿ ನರ್ಸಿಂಗ್ ಪಾಠ ಹೇಳುವವಳು. ಹೊರದೇಶಕ್ಕೆ ಹೊರಟ ಹುಡುಗಿಯರು ಫೈಲು ಹಿಡಿದು ಮನೆಗೆ ಬರುವುದು, ನಾನು ಕೂತು ನೋಡಿಕೊಡುವುದು ರೂಢಿಯಾಗಿಬಿಟ್ಟಿದೆ. ಉಳಿದವರ ಫೈಲುಗಳಿಗಿಂತ ಇದನ್ನು ವಿವರವಾಗಿ ಬರೆದಿಡಬೇಕು ಅನ್ನಿಸಿದ್ದಕ್ಕೆ ಕಾರಣವಿದೆ. ನಮ್ಮ ಕಡೆಯ ನರ್ಸುಗಳಿಗೆ ಬರಬಹುದಾದ ತೊಡಕುಗಳಲ್ಲಿ ಹೆಚ್ಚಿನವು ಈ ಒಂದೇ ಫೈಲಿನಲ್ಲಿದ್ದವು.

ಅವರು ಜಿಎನ್‌ಎಂ, ಅಂದರೆ ನರ್ಸಿಂಗ್ ಡಿಪ್ಲೊಮಾ, ಮುಗಿಸಿದ್ದು 2014ರಲ್ಲಿ. ಆಗಿನ್ನೂ ಕೋರ್ಸು ಮೂರೂವರೆ ವರ್ಷದ್ದು, ಕೊನೆಯಲ್ಲಿ ಇಂಟರ್ನ್‌ಶಿಪ್. ಪರೀಕ್ಷೆ ನಡೆಸಿದ್ದು ಬೆಂಗಳೂರಿನ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿ. ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ಎಲ್ಲರ ಹಾಗೆ ನರ್ಸ್ ಮತ್ತು ಮಿಡ್‌ವೈಫ್ ಎರಡೂ ಆಗಿ ನೋಂದಣಿಯಾಗಿತ್ತು. ಮೊದಲು ಶಿವಮೊಗ್ಗದ ಒಂದು ನರ್ಸಿಂಗ್ ಹೋಮಿನಲ್ಲಿ ಕೆಲಸ, ಆಮೇಲೆ ತಾಲ್ಲೂಕು ಆಸ್ಪತ್ರೆಯಲ್ಲಿ ಗುತ್ತಿಗೆ ಮೇಲೆ ಸ್ಟಾಫ್ ನರ್ಸ್. ಅರಳಗೋಡಿನ ಕಡೆ 2018-19ರಲ್ಲಿ ಮಂಗನ ಕಾಯಿಲೆ ಜೋರಾದಾಗ ಜ್ವರದ ವಾರ್ಡಿನಲ್ಲಿ ಇದ್ದವರು ಇವರೇ, ಕೋವಿಡ್ಡಿನಲ್ಲಿ ಇದ್ದವರೂ ಇವರೇ. ನಡುವೆ ಮದುವೆ, ಮಗಳು, ಒಂದಷ್ಟು ಕಾಲ ಮನೆ. ಕೊನೆಗೆ ಖಾಸಗಿ ಆಸ್ಪತ್ರೆಯ ಐಸಿಯು. ಗಂಡನ ಮನೆಯದು ಸಣ್ಣ ಅಡಿಕೆ ತೋಟ. ಎಲೆಚುಕ್ಕಿ ರೋಗ ಬಿದ್ದ ಮೇಲೆ ತೋಟದ ಲೆಕ್ಕ ಕೂಡುತ್ತಿರಲಿಲ್ಲ, ಗುತ್ತಿಗೆ ಸಂಬಳದ ಲೆಕ್ಕ ಮೊದಲೇ ಕೂಡುತ್ತಿರಲಿಲ್ಲ.

ಜರ್ಮನಿಯೇ ಏಕೆ

ಇಂಗ್ಲೆಂಡ್, ಅಮೆರಿಕ, ಕೊಲ್ಲಿ ಎಲ್ಲವನ್ನೂ ನೋಡಿಯೇ ಜರ್ಮನಿಗೆ ಬಂದರು. ಇಂಗ್ಲೆಂಡಿನ ನರ್ಸಿಂಗ್ ಕೌನ್ಸಿಲ್‌ಗೆ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ಓದು, ಕೇಳು, ಮಾತು ಮೂರರಲ್ಲೂ 7, ಬರವಣಿಗೆಯಲ್ಲಿ 6.5 ಬೇಕು. ಆಮೇಲೆ ಕಂಪ್ಯೂಟರ್ ಪರೀಕ್ಷೆ, ಅದಾದ ಮೇಲೆ ಅಲ್ಲಿಗೇ ಹೋಗಿ ಹತ್ತು ಸ್ಟೇಷನ್ನುಗಳ ಪ್ರಾಯೋಗಿಕ ಪರೀಕ್ಷೆ. ಅಮೆರಿಕಕ್ಕೆ ಎನ್‌ಕ್ಲೆಕ್ಸ್ ಎಂಬ ನರ್ಸಿಂಗ್ ಲೈಸೆನ್ಸ್ ಪರೀಕ್ಷೆಯನ್ನು ಭಾರತದಲ್ಲೇ ಬರೆಯಬಹುದು, ಕನಿಷ್ಠ 85, ಗರಿಷ್ಠ 150 ಪ್ರಶ್ನೆ. ಪಾಸಾದವರು ಕೂಡ ಕೆಲಸದ ಮೇಲೆ ಅಲ್ಲಿ ನೆಲೆಸಲು ಬೇಕಾದ ಇಬಿ-3 ವೀಸಾದ ಸರದಿಯಲ್ಲಿ ವರ್ಷಗಟ್ಟಲೆ ಕಾಯುತ್ತಿದ್ದಾರೆ. ಕೊಲ್ಲಿಯಲ್ಲಿ ಕೆಲಸ ಬೇಗ ಸಿಗುತ್ತದೆ, ಆದರೆ ಮಗಳನ್ನು ಕರೆಸಿಕೊಂಡು ನೆಲೆ ನಿಲ್ಲುವ ಮಾತು ಅಲ್ಲಿ ಕಷ್ಟ.

ಭಾಷೆಯ ವಿಷಯದಲ್ಲಿ ಇವರು ಆಡಿದ ಮಾತು ನನಗೆ ತರ್ಕಬದ್ಧವಾಗಿಯೇ ಕಂಡಿತು. ‘ಮೇಡಂ, ನಾನು ಎಸ್ಸೆಸ್ಸೆಲ್ಸಿವರೆಗೂ ಕನ್ನಡ ಮೀಡಿಯಂ. ಇಂಗ್ಲಿಷ್ ಕ್ಲಾಸಲ್ಲಿ ಕೂತ್ರೆ ಕಾನ್ವೆಂಟ್ ಹುಡುಗೀರ ಮುಂದೆ ಬಾಯಿ ಕಟ್ಟಿಹೋಗತ್ತೆ. ಜರ್ಮನ್ ಆದ್ರೆ ಎಲ್ರಿಗೂ ಹೊಸದೇ ಅಲ್ವಾ?’ ಹೌದು. ಎ1, ಅಂದರೆ ಮೊದಲ ಹಂತದ ತರಗತಿಯಲ್ಲಿ ಎಲ್ಲರೂ ಸೊನ್ನೆಯಿಂದಲೇ ಶುರು ಮಾಡಬೇಕು. ಆದರೆ ಆ ಸೊನ್ನೆಯಿಂದ ನಾಲ್ಕನೇ ಹಂತವಾದ ಬಿ2ಗೆ ಹೋಗುವ ದಾರಿ ಉದ್ದ, ಮತ್ತು ಬಿ2 ಇಲ್ಲದೆ ಜರ್ಮನಿಯಲ್ಲಿ ನರ್ಸ್ ಎಂಬ ಮಾನ್ಯತೆ ಸಿಗುವುದಿಲ್ಲ. ಏಜೆಂಟರು ಇದನ್ನು ನುಂಗಿ ಮಾತಾಡುತ್ತಾರೆ. ಬಿ1 ಇದ್ದರೆ ಹತ್ತಿಸಿ ಕಳಿಸುತ್ತೇವೆ ಎನ್ನುತ್ತಾರೆ. ಹೋಗಿ ಸೇರಿದ ಮೇಲೆ ಡ್ಯೂಟಿ ಮಾಡಿಕೊಂಡು ಬಿ2 ಓದುವ ಪಾಡು ಹುಡುಗಿಯದ್ದು.

ಹಿನ್ನೀರಿನ ಆಚೆ ದಂಡೆಯಲ್ಲಿ ಕೂತು ಆನ್‌ಲೈನ್ ಜರ್ಮನ್ ಕಲಿಯುವ ಪ್ರಯತ್ನವೂ ನಡೆಯಿತು. ಮಳೆಗಾಲದಲ್ಲಿ ಕರೆಂಟಿಲ್ಲ, ಕರೆಂಟಿದ್ದ ದಿನ ನೆಟ್‌ವರ್ಕಿಲ್ಲ, ಎರಡೂ ಇದ್ದ ದಿನ ನೈಟ್ ಡ್ಯೂಟಿ. ಕೊನೆಗೆ ಮಗಳನ್ನು ಅತ್ತೆಯ ಹತ್ತಿರ ಬಿಟ್ಟು ಶಿವಮೊಗ್ಗದಲ್ಲಿ ಪಿಜಿ ಹಿಡಿದರು. ಶನಿವಾರ ಸಂಜೆ ಹಿನ್ನೀರು ದಾಟಿಸುವ ಕೊನೆಯ ಲಾಂಚ್ ತಪ್ಪಿದರೆ ಆ ವಾರ ಮಗಳ ಮುಖ ನೋಡುವುದು ಭಾನುವಾರಕ್ಕೆ ಹೋಗುತ್ತಿತ್ತು. (ಹಿನ್ನೀರಿನ ಮೇಲಿನ ಸಿಗಂದೂರು ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈಯಲ್ಲಿ. ಆ ಹೊತ್ತಿಗೆ ಇವರು ಜರ್ಮನಿಯಲ್ಲಿ ಕೆಲಸ ಮಾಡುತ್ತಿದ್ದರು.) ಗೊಯ್ಥೆ ಸಂಸ್ಥೆಯ ಬಿ2 ಪರೀಕ್ಷೆಯಲ್ಲಿ ಓದು, ಕೇಳು, ಬರವಣಿಗೆ, ಮಾತು ಎಂದು ನಾಲ್ಕು ಭಾಗ. ಒಂದೊಂದರಲ್ಲೂ ನೂರಕ್ಕೆ 60 ಬೇಕು. ಬಿದ್ದ ಭಾಗವನ್ನಷ್ಟೇ ಮತ್ತೆ ಬರೆಯಬಹುದು. ಈ ಅನುಕೂಲ ಇರದಿದ್ದರೆ ಇವರ ಕಥೆ ಕೇಳು ವಿಭಾಗದಲ್ಲೇ ನಿಂತುಹೋಗುತ್ತಿತ್ತು.

ಫೈಲು

ಜರ್ಮನಿಯಲ್ಲಿ ನರ್ಸಿಂಗ್ ನಿಯಂತ್ರಿತ ವೃತ್ತಿ, ಮಾನ್ಯತೆ ಇಲ್ಲದೆ ನರ್ಸ್ ಆಗಿ ಕೆಲಸ ಮಾಡುವಂತಿಲ್ಲ. ಮಾನ್ಯತೆ ಕೊಡುವುದು ಕೇಂದ್ರ ಸರ್ಕಾರವಲ್ಲ, 16 ರಾಜ್ಯಗಳಲ್ಲಿ ಆಯಾ ರಾಜ್ಯದ ಕಚೇರಿ. ಇವರಿಗೆ ಕೆಲಸದ ಆಫರ್ ಬಂದದ್ದು ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದ ಒಂದು ಸಣ್ಣ ಪಟ್ಟಣದ ಆಸ್ಪತ್ರೆಯಿಂದ, ಹಾಗಾಗಿ ಅರ್ಜಿ ಸ್ಟುಟ್‌ಗಾರ್ಟಿಗೆ. ಎಲ್ಲಿಗೆ ಅರ್ಜಿ ಹಾಕಬೇಕು, ಯಾವ ಕಾಗದ ಬೇಕು ಎಂದು ಹೇಳಿಕೊಡಲು ಬಾನ್ ನಗರದಲ್ಲಿ ಅವರ ಸರ್ಕಾರದ್ದೇ ಸಲಹಾ ಕೇಂದ್ರವಿದೆ, ಹೊರದೇಶದಿಂದ ಬರೆದವರಿಗೂ ಉಚಿತವಾಗಿ ಉತ್ತರ ಕೊಡುತ್ತದೆ. ಇದೇ ಸಲಹೆಗೆ ನಮ್ಮಲ್ಲಿ ಏಜೆಂಟರು ಸಾವಿರಗಟ್ಟಲೆ ವಸೂಲಿ ಮಾಡುತ್ತಾರೆ.

ಕಚೇರಿ ನೋಡುವುದು ಸರ್ಟಿಫಿಕೇಟಿನ ಅಂಕಗಳನ್ನಲ್ಲ, ಗಂಟೆಗಳನ್ನು. ಜರ್ಮನಿಯಲ್ಲಿ 2020ರ ಜನವರಿಯಿಂದ ಹೊಸ ಕಾಯ್ದೆ ಬಂದು ಸಾಮಾನ್ಯ ನರ್ಸಿಂಗ್, ಮಕ್ಕಳ ನರ್ಸಿಂಗ್, ವೃದ್ಧರ ನರ್ಸಿಂಗ್ ಎಂಬ ಮೂರು ಬೇರೆ ಬೇರೆ ತರಬೇತಿಗಳು ಒಂದಾದವು. ಮೂರು ವರ್ಷದಲ್ಲಿ ಥಿಯರಿ 2100 ಗಂಟೆ, ಪ್ರಾಯೋಗಿಕ 2500 ಗಂಟೆ. ಆ 2500ರ ಒಳಗೆ ಇಳಿದು ನೋಡಿದರೆ ನಮ್ಮ ಕೊರತೆ ಎಲ್ಲಿ ಬೀಳುತ್ತದೆ ಎಂದು ಅರ್ಜಿ ಹಾಕುವ ಮೊದಲೇ ಗೊತ್ತಾಗುತ್ತದೆ. ಆರಂಭದ ಪರಿಚಯಕ್ಕೆ 400. ಆಮೇಲೆ ಆಸ್ಪತ್ರೆಯ ವಾರ್ಡಿನಲ್ಲಿ 400, ದೀರ್ಘಕಾಲ ಆರೈಕೆ ಬೇಕಾದವರ ನಿವಾಸದಲ್ಲಿ 400, ಮನೆಮನೆಗೆ ಹೋಗಿ ಮಾಡುವ ಆರೈಕೆಯಲ್ಲಿ 400. ಮಕ್ಕಳ ವಿಭಾಗ 120, ಮನೋರೋಗ 120, ಒಂದು ಕ್ಷೇತ್ರದಲ್ಲಿ ಆಳವಾಗಿ 500, ಉಳಿದದ್ದಕ್ಕೆ 160. ನಮ್ಮ ಜಿಎನ್‌ಎಂನಲ್ಲಿ ಮೆಡಿಕಲ್-ಸರ್ಜಿಕಲ್ ಬೇಕಾದಷ್ಟಿದೆ, ಮಕ್ಕಳದ್ದಿದೆ, ಮನೋರೋಗವೂ ಇದೆ. ವೃದ್ಧರ ಆರೈಕೆ ಪ್ರತ್ಯೇಕ ವಿಷಯವಾಗಿಯೇ ಇಲ್ಲ. ವೃದ್ಧಾಶ್ರಮದಲ್ಲಿ 400 ಗಂಟೆ ಪೋಸ್ಟಿಂಗ್ ಮಾಡಿದ ಜಿಎನ್‌ಎಂ ಹುಡುಗಿ ನಮ್ಮ ಜಿಲ್ಲೆಯಲ್ಲಿ ನನ್ನ ಕಣ್ಣಿಗಂತೂ ಬಿದ್ದಿಲ್ಲ.

ಇನ್ನೊಂದು ಕಡೆ ನಮ್ಮಲ್ಲಿ ತುಂಬಿ ತುಳುಕುವುದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಹೆರಿಗೆ ಅಂಥದ್ದು. ಜರ್ಮನಿಯಲ್ಲಿ ಮಿಡ್‌ವೈಫರಿ ಬೇರೆಯದೇ ವೃತ್ತಿ, 2020ರಿಂದ ಅದಕ್ಕೆ ಬೇರೆಯದೇ ಪದವಿ. ಇವರು ಹೆರಿಗೆ ಮಾಡಿಸಿದ ದಾಖಲೆಯ ಪುಸ್ತಕ, ರಾತ್ರಿ ಎರಡು ಗಂಟೆಗೆ ಡಾಕ್ಟರಿಲ್ಲದ ಹೊತ್ತಲ್ಲಿ ಒಬ್ಬರೇ ನಿಭಾಯಿಸಿದ ಕೇಸುಗಳು, ಇವೆಲ್ಲ ಆ ಫೈಲಿನಲ್ಲಿ ಭಾರ ಮಾತ್ರ. ಅದನ್ನು ಕೇಳಿ ಸಿಸ್ಟರಿಗೆ ಆದ ಬೇಸರ ದೊಡ್ಡದು. ನನಗೂ ಆಯಿತು.

ಇಷ್ಟಾದ ಮೇಲೆ ನಿಜವಾದ ಗಂಟು ಬಿಚ್ಚಿಕೊಂಡಿತು: ಇವರು ಓದಿದ ನರ್ಸಿಂಗ್ ಶಾಲೆ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಅಂಕಪಟ್ಟಿ, ಡಿಪ್ಲೊಮಾ ಕೈಯಲ್ಲಿದ್ದವು. ಆದರೆ ಯಾವ ವಿಷಯಕ್ಕೆ ಎಷ್ಟು ಗಂಟೆ ಪಾಠ, ಯಾವ ವಾರ್ಡಿನಲ್ಲಿ ಎಷ್ಟು ಗಂಟೆ ಡ್ಯೂಟಿ ಎಂದು ಬರೆದ ಟ್ರಾನ್ಸ್‌ಕ್ರಿಪ್ಟ್ ಅನ್ನು ಓದುವಾಗ ಯಾರೂ ಕೇಳಿರಲಿಲ್ಲ, ಶಾಲೆಯೂ ಕೊಟ್ಟಿರಲಿಲ್ಲ. ಈಗ ಕೊಡಬೇಕಾದವರು ಇಲ್ಲ.

ಬಿಟ್ಟುಕೊಡುವ ಕಾಗದ

ಈ ಹೊತ್ತಿಗೆ ಸರಿಯಾಗಿ, ನೇಮಕಾತಿ ನೋಡಿಕೊಳ್ಳುತ್ತಿದ್ದ ಮಧ್ಯವರ್ತಿ ಕಂಪನಿಯಿಂದ ಸುಲಭದ ದಾರಿಯೊಂದು ಬಂತು. ಜರ್ಮನಿಯಲ್ಲಿ 2024ರ ಜನವರಿಯಿಂದ ನರ್ಸುಗಳಿಗೆ ಒಂದು ಅವಕಾಶವಿದೆ: ನನ್ನ ಓದನ್ನು ಹೋಲಿಸಿ ನೋಡುವುದು ಬೇಡ ಎಂದು ಬರೆದುಕೊಟ್ಟರೆ ಗಂಟೆಗಳ ಪರಿಶೀಲನೆಯೇ ನಡೆಯುವುದಿಲ್ಲ. ನೇರವಾಗಿ ಜ್ಞಾನಪರೀಕ್ಷೆಗೆ, ಇಲ್ಲವೇ ಹೊಂದಾಣಿಕೆ ತರಬೇತಿಗೆ ಹೋಗಬಹುದು. ತಿಂಗಳುಗಟ್ಟಲೆ ಕಾಗದ ಹುಡುಕುವ ಕೆಲಸ ಉಳಿಯುತ್ತದೆ. ಶಾಲೆಯೇ ಮುಚ್ಚಿದವರಿಗೆ ಇದು ವರ ಕೊಟ್ಟ ಹಾಗೆ ಕಾಣುತ್ತದೆ. ಕಂಪನಿಯವರು ಸಹಿ ಹಾಕುವ ಜಾಗಕ್ಕೆ ಪೆನ್ಸಿಲಿನಲ್ಲಿ ಗುರುತು ಮಾಡಿಯೇ ಕಳಿಸಿದ್ದರು.

ನಾನು ಬೇಡ ಎಂದೆ. ಕಾರಣ ಸರಳ. ಪರಿಶೀಲನೆ ಬೇಡ ಎಂದವರ ವಿಷಯದಲ್ಲಿ ಕೊರತೆ ಎಲ್ಲಿದೆ, ಎಷ್ಟಿದೆ ಎಂದು ಯಾರೂ ನೋಡಿರುವುದಿಲ್ಲ. ನೋಡದ ಮೇಲೆ ಅದನ್ನು ಕಡಿಮೆ ಮಾಡಿಸುವ ಮಾತೂ ಇಲ್ಲ. ನೋಡಿಸಿದರೆ ಮಾತ್ರ ಕಾಯ್ದೆಯ ಇನ್ನೊಂದು ಕಲಮು ಉಪಯೋಗಕ್ಕೆ ಬರುತ್ತದೆ: ಓದಿನಲ್ಲಿ ಇರುವ ಕೊರತೆಯನ್ನು ಕೆಲಸದ ಅನುಭವದಿಂದ ಪೂರ್ತಿ ಅಥವಾ ಭಾಗಶಃ ತುಂಬಿಕೊಳ್ಳಬಹುದು. ಈಗ ತಾನೇ ಪಾಸಾಗಿ ಬಂದ, ಅನುಭವವಿಲ್ಲದ ಇಪ್ಪತ್ತೆರಡರ ಹುಡುಗಿಯಾಗಿದ್ದರೆ ನಾನೇ ಸಹಿ ಹಾಕು ಅನ್ನುತ್ತಿದ್ದೆ. ಅವಳ ಹತ್ತಿರ ಕಳೆದುಕೊಳ್ಳುವುದು ಕಡಿಮೆ. ಇಷ್ಟು ವರ್ಷ ವಾರ್ಡು ತಿರುಗಿದವರು ಅದನ್ನೆಲ್ಲ ಒಂದು ಸಹಿಯಲ್ಲಿ ಬಿಟ್ಟುಕೊಡುವುದು ಲುಕ್ಸಾನು.

ಕಂಪನಿಯವರಿಗೆ ಸಿಟ್ಟು ಬಂತು. ತಡವಾದರೆ ಆಸ್ಪತ್ರೆ ಬೇರೆಯವರನ್ನು ತೆಗೆದುಕೊಳ್ಳುತ್ತದೆ ಎಂದರು. ಸಿಸ್ಟರ್ ನೇರವಾಗಿ ಆಸ್ಪತ್ರೆಗೇ ಮೇಲ್ ಬರೆದು ಕೇಳಿದರು, ಅವರು ಕಾಯುತ್ತೇವೆ ಎಂದರು. ಅಲ್ಲಿಗೆ ಕಂಪನಿಯ ಪಾತ್ರ ಮುಗಿಯಿತು. ಜರ್ಮನಿಯ ಸರ್ಕಾರವೇ ನ್ಯಾಯವಾದ ನೇಮಕಾತಿಗೆ ಒಂದು ಮುದ್ರೆ ಇಟ್ಟಿದೆ. ಆ ಮುದ್ರೆ ಪಡೆದವರು ನರ್ಸಿನಿಂದ ನೇಮಕಾತಿಯ ಹಣ ವಸೂಲಿ ಮಾಡುವಂತಿಲ್ಲ, ಖರ್ಚು ಕೆಲಸ ಕೊಡುವವರದ್ದು. ಕಂಪನಿ ಯಾವುದೇ ಇರಲಿ, ಮೊದಲು ಅದಿದೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು.

ಗೋಣಿಚೀಲದಲ್ಲಿ ಸಿಕ್ಕ ಮಾಸ್ಟರ್ ರೊಟೇಶನ್

ಶಾಲೆ ಮುಚ್ಚಿದರೂ ಅದನ್ನು ನಡೆಸುತ್ತಿದ್ದ ಟ್ರಸ್ಟ್ ಉಳಿದಿತ್ತು, ಬೇರೊಂದು ಕಾಲೇಜು ನಡೆಸುತ್ತಿತ್ತು. ಅಲ್ಲಿನ ಹಳೆಯ ಗುಮಾಸ್ತರಿಗೆ ಸಿಸ್ಟರಿನ ನೆನಪಿತ್ತು. ‘ನೀನು ಆ ಲಾಂಚಿನ ಕಡೆ ಹುಡುಗಿ ಅಲ್ವಾ? ಫೀಸು ಯಾವಾಗ್ಲೂ ಅಡಿಕೆ ಮಾರಿದ ಮೇಲೇ ಕಟ್ತಿದ್ದೆ’ ಎಂದು ನಗುತ್ತಲೇ ಸ್ಟೋರ್ ರೂಮಿನ ಬೀಗ ತೆಗೆದರು. ಮುರಿದ ಬೆಂಚು, ಒಂದು ಕಾಲಿಲ್ಲದ ಅಸ್ಥಿಪಂಜರದ ಮಾದರಿ, ಗೋಡೆಗೆ ಒರಗಿಸಿದ ಗೋಣಿಚೀಲಗಳು. ಮಲೆನಾಡಿನ ಮಳೆಗಾಲಗಳನ್ನು ಕಂಡ ಕಾಗದ ಹೇಗಿರುತ್ತದೋ ಹಾಗಿತ್ತು: ಅಂಚೆಲ್ಲ ಬೂಸಲು, ಬಿಡಿಸಲು ಹೋದರೆ ಎರಡು ಹಾಳೆ ಒಂದಾಗಿ ಬರುತ್ತಿದ್ದವು. ಎರಡನೇ ಚೀಲದಲ್ಲಿ ಇವರ ಬ್ಯಾಚಿನ ಮಾಸ್ಟರ್ ರೊಟೇಶನ್ ಪ್ಲಾನ್ ಸಿಕ್ಕಿತು. ಹಸಿರು ಚಾರ್ಟ್ ಪೇಪರಿನಲ್ಲಿ ಸ್ಕೆಚ್ ಪೆನ್ನಿನಿಂದ ಗೆರೆ ಹಾಕಿ, ವಾರವಾರಕ್ಕೂ ಯಾವ ಗುಂಪು ಯಾವ ವಾರ್ಡು ಎಂದು ಬರೆದದ್ದು. ಅದರ ಜೊತೆ ಹಾಜರಾತಿ ರಿಜಿಸ್ಟರುಗಳು. ಸಿಸ್ಟರಿನ ಇಡೀ ಓದಿನ ವಿವರವಿರುವ ಕ್ಯುಮುಲೇಟಿವ್ ರೆಕಾರ್ಡ್ ಮಾತ್ರ ಸಿಗಲಿಲ್ಲ.

ನರ್ಸಿಂಗ್ ಓದಿದವರಿಗೆ ಗೊತ್ತು, ಮಾಸ್ಟರ್ ರೊಟೇಶನ್ ಎಂದರೆ ಇನ್‌ಸ್ಪೆಕ್ಷನ್ನಿನ ಹಿಂದಿನ ದಿನ ತಯಾರಾಗಿ ಗೋಡೆಗೆ ಹತ್ತುವ ವಸ್ತು. ಅದನ್ನು ಯಾರಾದರೂ ಹತ್ತು ವರ್ಷದ ಮೇಲೆ ಓದುತ್ತಾರೆ ಎಂದು ಬರೆದವರಿಗೂ ಅನ್ನಿಸಿರಲಿಕ್ಕಿಲ್ಲ. ಅದನ್ನೂ ಹಾಜರಾತಿಯನ್ನೂ ಪಕ್ಕ ಪಕ್ಕ ಇಟ್ಟು, ಆಗಿನ ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಸಿಲಬಸ್ಸಿನ ಗಂಟೆಗಳ ಜೊತೆ ತಾಳೆ ನೋಡಿ, ವಿಷಯವಾರು ಪಟ್ಟಿ ಮಾಡಿದೆವು. ಹಳೆಯ ಪ್ರಿನ್ಸಿಪಾಲ್ ನಿವೃತ್ತರಾಗಿ ಮಗನ ಮನೆಯಲ್ಲಿದ್ದರು, ಪಟ್ಟಿಯ ಪ್ರತಿ ಸಾಲನ್ನೂ ಕೇಳಿ ನೋಡಿ ಒಪ್ಪಿದರು. ಆದರೆ ನಿವೃತ್ತರ ಸಹಿ ನಡೆಯುವುದಿಲ್ಲ. ದಾಖಲೆಗಳ ಹೊಣೆ ಈಗ ಟ್ರಸ್ಟಿನದ್ದಾದ್ದರಿಂದ ಟ್ರಸ್ಟಿನ ಕಾರ್ಯದರ್ಶಿ ಲೆಟರ್‌ಹೆಡ್ಡಿನಲ್ಲಿ, ಶಾಲೆ ಯಾವಾಗ ಮುಚ್ಚಿತು, ಈ ಗಂಟೆಗಳನ್ನು ಯಾವ ರಿಜಿಸ್ಟರುಗಳಿಂದ ತೆಗೆದದ್ದು ಎಂದು ಬಿಚ್ಚಿ ಹೇಳಿ ಸಹಿ, ಸೀಲು ಹಾಕಿಕೊಟ್ಟರು. ರೆಕಾರ್ಡಿನಲ್ಲಿ ಇಲ್ಲದ ಒಂದು ಗಂಟೆಯನ್ನೂ ಸೇರಿಸಲಿಲ್ಲ. ಹೀಗೆ ಬರೆಸುವಾಗ ನಾಲ್ಕು ಗಂಟೆ ಹೆಚ್ಚು ಬರೆಸಿಬಿಡೋಣ ಎಂದು ಮನಸ್ಸು ಆಡುತ್ತದೆ. ಒಂದು ಕಡೆ ಸುಳ್ಳು ಕಂಡರೆ ಇಡೀ ಫೈಲು ಬಿದ್ದುಹೋಗುತ್ತದೆ.

ಪಟ್ಟಿ ಮಾಡುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಕಮ್ಯುನಿಟಿ ಹೆಲ್ತ್ ನರ್ಸಿಂಗ್ ಪೋಸ್ಟಿಂಗ್ ಅನ್ನು ನಮ್ಮವರು ‘ಸರ್ವೆ, ಆರೋಗ್ಯ ಶಿಕ್ಷಣ’ ಎಂದು ಎರಡೇ ಮಾತಲ್ಲಿ ಮುಗಿಸುತ್ತಾರೆ. ಸಿಸ್ಟರಿನ ಫೀಲ್ಡ್ ಡೈರಿಯಲ್ಲಿ ಇದ್ದದ್ದು ಬೇರೆ: ಹಾಸಿಗೆ ಹಿಡಿದ ಅಜ್ಜನಿಗೆ ಬೆನ್ನು ಹುಣ್ಣಿನ ಡ್ರೆಸ್ಸಿಂಗ್, ಸಕ್ಕರೆ ಕಾಯಿಲೆಯವರ ಕಾಲಿನ ಆರೈಕೆ, ಲಕ್ವಾ ಹೊಡೆದವರನ್ನು ಎಬ್ಬಿಸಿ ಕೂರಿಸುವುದನ್ನು ಮನೆಯವರಿಗೆ ಕಲಿಸಿದ್ದು. ಇದು ಜರ್ಮನಿಯವರ ಲೆಕ್ಕದಲ್ಲಿ ಮನೆ ಆರೈಕೆಗೆ ಸೇರುವ ಕೆಲಸ. ಡೈರಿಯ ಆ ಪುಟಗಳನ್ನು ಸೇರಿಸಿ ಆ ಗಂಟೆಗಳನ್ನು ಬೇರೆಯಾಗಿಯೇ ತೋರಿಸಿದೆವು.

ಹೆಸರಿನ ರಗಳೆಯೂ ಇತ್ತು. ಎಸ್ಸೆಸ್ಸೆಲ್ಸಿಯಲ್ಲಿ ಎರಡು ಇನಿಶಿಯಲ್, ಡಿಪ್ಲೊಮಾದಲ್ಲಿ ಒಂದು, ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರು, ಮದುವೆಯ ನೋಂದಣಿಯಲ್ಲಿ ಗಂಡನ ಹೆಸರು. ಮೊದಲು ಕೌನ್ಸಿಲ್ ನೋಂದಣಿಯನ್ನು ಪಾಸ್‌ಪೋರ್ಟಿಗೆ ಸರಿಹೊಂದುವಂತೆ ತಿದ್ದಿಸಿ, ಉಳಿದದ್ದಕ್ಕೆ ಛಾಪಾ ಕಾಗದದ ಅಫಿಡವಿಟ್ ಮಾಡಿಸಿದ್ದಾಯಿತು.

ಅನುಭವ ಪತ್ರ

ಇವರ ಹತ್ತಿರ ಇದ್ದ ಅನುಭವ ಪತ್ರಗಳು ನಮ್ಮೂರ ಮಾದರಿಯವು. ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ ಸ್ಟಾಫ್ ನರ್ಸ್ ಆಗಿ ಕೆಲಸ ಮಾಡಿದ್ದು, ಸದರಿಯವರ ನಡತೆ ತೃಪ್ತಿಕರ, ಭವಿಷ್ಯಕ್ಕೆ ಶುಭ ಹಾರೈಕೆ. ಸ್ಟುಟ್‌ಗಾರ್ಟಿನ ಅಧಿಕಾರಿಗೆ ಇದರಿಂದ ಏನೂ ತಿಳಿಯುವುದಿಲ್ಲ. ವಾರಕ್ಕೆ ಎಷ್ಟು ಗಂಟೆ, ಯಾವ ವಾರ್ಡು, ಎಂಥ ರೋಗಿಗಳು, ಯಾವ ಕೆಲಸವನ್ನು ತಾನೇ ನಿರ್ಧರಿಸಿ ಮಾಡಿದ್ದು, ಯಾವುದನ್ನು ಡಾಕ್ಟರು ಹೇಳಿದ ಮೇಲೆ ಮಾಡಿದ್ದು, ಇದು ಬೇಕು.

ಐಸಿಯುನವರು ಕೇಳಿದ್ದೇ ತಡ, ಬರೆದುಕೊಟ್ಟರು. ನರ್ಸಿಂಗ್ ಹೋಮಿನ ಡಾಕ್ಟರು ‘ಇಷ್ಟೆಲ್ಲ ಯಾಕಮ್ಮ?’ ಎಂದು ಮೂಗು ಮುರಿದರೂ ಕೊಟ್ಟರು. ಕಷ್ಟವಾದದ್ದು ಗುತ್ತಿಗೆಯ ಕೆಲಸದ್ದು. ಗುತ್ತಿಗೆ ನೌಕರರ ವಾರ್ಡ್ ಡ್ಯೂಟಿ ವಿವರ ಸರ್ಕಾರಿ ಕಡತದಲ್ಲಿ ಇರುವುದಿಲ್ಲ, ಇರುವುದು ನವೀಕರಣದ ಆದೇಶ ಮತ್ತು ಸಂಬಳದ ಪಟ್ಟಿ ಮಾತ್ರ. ವಾರ್ಡಿನ ಡ್ಯೂಟಿ ರೋಸ್ಟರ್ ಹುಡುಕಿ ಕೊಟ್ಟವರು ಅಲ್ಲಿನ ಹಿರಿಯ ನರ್ಸಿಂಗ್ ಆಫೀಸರ್. ಅದರ ಆಧಾರದಲ್ಲಿ ವೈದ್ಯಾಧಿಕಾರಿ ಸಹಿ ಮಾಡಿದರು.

ಮಂಗನ ಕಾಯಿಲೆಯ ವಾರ್ಡನ್ನು ಯಾವ ಕಾಲಂನಲ್ಲಿ ಹಾಕುವುದು ಎಂದು ನಾವು ಸಾಕಷ್ಟು ತಲೆ ಕೆರೆದುಕೊಂಡೆವು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಕಂಡ ಈ ಜ್ವರದ ಹೆಸರು ಜರ್ಮನಿಯ ಕಚೇರಿಯಲ್ಲಿ ಕೇಳಿದವರು ಇರಲಿಕ್ಕಿಲ್ಲ. ಹೆಸರನ್ನು ಹಿಂದಕ್ಕೆ ಹಾಕಿ ಕೆಲಸವನ್ನು ಮುಂದಕ್ಕೆ ತಂದೆವು: ರಕ್ತಸ್ರಾವದ ಲಕ್ಷಣವಿರುವ ವೈರಲ್ ಜ್ವರದ ರೋಗಿಗಳ ನಿಗಾ, ಪ್ಲೇಟ್‌ಲೆಟ್ ಇಳಿದವರ ಆರೈಕೆ, ನರಮಂಡಲಕ್ಕೆ ಹತ್ತಿ ಗೊಂದಲಕ್ಕೆ ಬಿದ್ದ ವಯಸ್ಸಾದವರನ್ನು ರಾತ್ರಿಯಿಡೀ ನೋಡಿಕೊಂಡದ್ದು. ಕೊನೆಯದನ್ನು ಬರೆಸಬೇಕೆಂದು ಹೊಳೆದದ್ದು ಸಿಸ್ಟರಿಗೆ. ಅದು ವೃದ್ಧರ ಆರೈಕೆಯೂ ಹೌದಲ್ಲ ಎಂದರು.

ಎಲ್ಲವನ್ನೂ ಪ್ರಮಾಣಿತ ಭಾಷಾಂತರಕಾರರಿಂದ ಜರ್ಮನ್‌ಗೆ ಮಾಡಿಸಿ, ಆಸ್ಪತ್ರೆಯ ಮೂಲಕ ತ್ವರಿತ ವಿಧಾನದಲ್ಲಿ ಅರ್ಜಿ ಹಾಕಿದರು. ಇದಕ್ಕೆ ಅಲ್ಲಿನ ವಿದೇಶಿಯರ ಕಚೇರಿಯ ಶುಲ್ಕ 411 ಯೂರೋ. ಕಾಗದ ಪೂರ್ತಿ ಇದ್ದರೆ ಎರಡು ತಿಂಗಳಲ್ಲಿ ನಿರ್ಧಾರ ಆಗಬೇಕು ಎಂಬುದು ನಿಯಮ. ಆ ‘ಪೂರ್ತಿ ಇದ್ದರೆ’ ಎನ್ನುವುದರಲ್ಲೇ ಜನರ ತಿಂಗಳುಗಳು ಕಳೆಯುತ್ತವೆ.

ಬೆಶೈಡ್

ನಿರ್ಧಾರದ ಪತ್ರವನ್ನು ಅಲ್ಲಿ ಬೆಶೈಡ್ ಎನ್ನುತ್ತಾರೆ, ನಮ್ಮ ಹುಡುಗಿಯರ ಬಾಯಲ್ಲೂ ಅದೇ ಹೆಸರು ನಿಂತಿದೆ. ಬಂದ ಬೆಶೈಡ್ ಪೂರ್ತಿ ಸಮಾನ ಎನ್ನಲಿಲ್ಲ; ಭಾರತದ ಓದಿಗೆ ಹಾಗೆ ಬರುವುದು ಅಪರೂಪ. ಆದರೆ ಆಸ್ಪತ್ರೆಯ ವಾರ್ಡ್, ಮಕ್ಕಳು, ಮನೋರೋಗ, ಯಾವುದರಲ್ಲೂ ಕೊರತೆ ತೋರಿಸಿರಲಿಲ್ಲ. ಮನೆ ಆರೈಕೆಯಲ್ಲಿ ಭಾಗಶಃ ಒಪ್ಪಿದ್ದರು. ಉಳಿದದ್ದು ವೃದ್ಧರ ದೀರ್ಘಕಾಲದ ಆರೈಕೆ, ಪುನಶ್ಚೇತನ, ಮತ್ತು ಜರ್ಮನಿಯ ಕಾನೂನು ಹಾಗೂ ವಿಮೆಯ ತಿಳಿವಳಿಕೆ.

ಇದನ್ನು ತುಂಬಿಕೊಳ್ಳಲು ಎರಡು ದಾರಿ. ಜ್ಞಾನಪರೀಕ್ಷೆಯಲ್ಲಿ ಒಂದು ಮೌಖಿಕ ಭಾಗ, ಒಂದು ವಾರ್ಡಿನಲ್ಲಿ ರೋಗಿಗಳ ಮುಂದೆ ನಡೆಯುವ ಪ್ರಾಯೋಗಿಕ ಭಾಗ. ಬಿದ್ದರೆ ಮತ್ತೊಮ್ಮೆ ಮಾತ್ರ ಅವಕಾಶ. ಹೊಂದಾಣಿಕೆ ತರಬೇತಿಯಲ್ಲಿ ಕೊರತೆಯಿರುವ ಕ್ಷೇತ್ರಗಳಲ್ಲಿ ಕೆಲಸ ಮಾಡಿ, ಪಾಠ ಕೇಳಿ, ಕೊನೆಗೆ ಒಂದು ಮಾತುಕತೆಯೊಂದಿಗೆ ಮುಗಿಸುವುದು. ಪರೀಕ್ಷೆ ಬೇಗ ಮುಗಿಯುತ್ತದೆ ಎಂದು ಆಸ್ಪತ್ರೆಯವರಿಗೆ ಅದೇ ಇಷ್ಟವಿತ್ತು. ಕೊರತೆಯ ಪಟ್ಟಿ ಉದ್ದವಾಗಿದ್ದರೆ ಪರೀಕ್ಷೆಯೇ ವಾಸಿ, ಏಕೆಂದರೆ ತರಬೇತಿ ಅಷ್ಟೇ ಉದ್ದವಾಗುತ್ತದೆ. ಇವರ ಪಟ್ಟಿ ಚಿಕ್ಕದು. ಜೊತೆಗೆ ಬಿ2ರ ಮಾತಿನ ಪರೀಕ್ಷೆಯಲ್ಲೇ ಬೆವರಿದವರು ಪರೀಕ್ಷಕರ ಮುಂದೆ ಮುಕ್ಕಾಲು ಗಂಟೆ ನಿಲ್ಲುವುದಕ್ಕಿಂತ ಕೆಲಸದಲ್ಲಿ ತೋರಿಸುವುದು ಮೇಲು. ತರಬೇತಿಯನ್ನೇ ಆರಿಸಿಕೊಂಡರು.

ತಡವಾದರೆ ಹೋಗುವ ದುಡ್ಡಿನ ಅಂದಾಜು ಬೇಕಾದವರಿಗೆ ಒಂದು ಅಳತೆ ಹೇಳುತ್ತೇನೆ. ಮಾನ್ಯತೆ ಬರುವವರೆಗೆ ನಮ್ಮ ನರ್ಸುಗಳನ್ನು ಸಹಾಯಕರ ದರ್ಜೆಯಲ್ಲೇ ಇಡುತ್ತಾರೆ. ಅಲ್ಲಿನ ವೃದ್ಧರ ಆರೈಕೆ ವಲಯದಲ್ಲಿ 2025ರ ಜುಲೈಯಲ್ಲಿ ಜಾರಿಗೆ ಬಂದ ಕನಿಷ್ಠ ವೇತನ ತರಬೇತಿ ಪಡೆದ ಸಹಾಯಕರಿಗೆ ಗಂಟೆಗೆ 17.35 ಯೂರೋ, ಪೂರ್ಣ ನರ್ಸಿಗೆ 20.50. ಆಸ್ಪತ್ರೆಗಳ ಸಂಬಳ ಬೇರೆ ಒಪ್ಪಂದದ ಮೇಲೆ ನಡೆದರೂ ಅಂತರ ಅಲ್ಲೂ ಇದೆ.

ಅಲ್ಲಿ

2025ರ ಆರಂಭದಲ್ಲಿ ಹೊರಟರು. ವಾರಕ್ಕೊಮ್ಮೆ ಫೋನಿನಲ್ಲಿ ಹೇಳುತ್ತಿದ್ದದ್ದರಲ್ಲಿ ಭಾಷೆಗಿಂತ ಹೆಚ್ಚು ಬರುತ್ತಿದ್ದ ಮಾತು ಸ್ನಾನದ್ದು. ನಮ್ಮಲ್ಲಿ ರೋಗಿಯನ್ನು ಒರೆಸುವುದು, ಹಲ್ಲುಜ್ಜಿಸುವುದು, ಊಟ ಮಾಡಿಸುವುದು ಪಕ್ಕದಲ್ಲಿ ಚಾಪೆ ಹಾಸಿ ಕೂತ ಮನೆಯವರದ್ದು ಅಥವಾ ಆಯಾಗಳದ್ದು. ಫಂಡಮೆಂಟಲ್ಸ್ ಪುಸ್ತಕದಲ್ಲಿ ಬೆಡ್ ಬಾತ್ ಇದೆ, ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಬೊಂಬೆಗೆ ಮಾಡಿರುತ್ತೇವೆ; ಸ್ಟಾಫ್ ನರ್ಸ್ ಆದ ಮೇಲೆ ಕೈ ಹಾಕುವುದು ಕಡಿಮೆ. ಅಲ್ಲಿ ಬೆಳಗಿನ ಡ್ಯೂಟಿ ಶುರುವಾಗುವುದೇ ಅದರಿಂದ, ಮತ್ತು ಅದನ್ನು ಕೀಳು ಕೆಲಸ ಎಂದು ಯಾರೂ ನೋಡುವುದಿಲ್ಲ. ಒರೆಸುವಾಗಲೇ ಚರ್ಮ ನೋಡು, ಉಸಿರು ನೋಡು, ಮಾತಾಡಿಸು, ತಾನಾಗಿ ಎಷ್ಟು ಮಾಡಿಕೊಳ್ಳುತ್ತಾರೆ ಬರೆದುಕೋ, ಎನ್ನುತ್ತಾರೆ. ಮೊದಮೊದಲು ಇವರು ಚಟಪಟ ಒರೆಸಿ ಮುಗಿಸಿ ಬರುತ್ತಿದ್ದರು. ಮಾರ್ಗದರ್ಶಕಿ ನರ್ಸ್ ಕರೆದು, ಆ ಅಜ್ಜಿಗೆ ಬಲಗೈ ಬರುತ್ತದೆ, ಮುಖ ಅವರೇ ಒರೆಸಿಕೊಳ್ಳಲಿ, ನೀನು ನಿಂತು ಕಾಯಿ, ಎಂದಳಂತೆ.

ಅದೇ ಹೊತ್ತಿಗೆ ಐವಿ ಹಾಕುವ ಕೈಚಳಕ, ಕತ್ತಲಲ್ಲೂ ನರ ಹುಡುಕುವ ಈ ಐಸಿಯು ಕೈ, ಸುಮ್ಮನೆ ಕೂತಿತ್ತು. ಆ ವಾರ್ಡಿನಲ್ಲಿ ಕ್ಯಾನುಲಾ ಹಾಕುವುದು ಡಾಕ್ಟರ ಕೆಲಸ. ‘ಅವರು ಮೂರು ಸಲ ಚುಚ್ಚೋದನ್ನ ನೋಡ್ತಾ ನಿಲ್ಲೋಕೆ ಆಗಲ್ಲ ಮೇಡಂ’ ಎಂದು ಒಂದು ದಿನ ಗೊಣಗಿದರು. ಕೆಳಗೆ ಇಳಿಸಿಬಿಟ್ಟರು ಎಂಬ ಭಾವನೆ ಬಂದು ಅರ್ಧಕ್ಕೆ ವಾಪಸಾದ ನರ್ಸುಗಳೂ ಇದ್ದಾರೆ. ಹೊರಡುವ ಮೊದಲೇ ಇದನ್ನು ಹೇಳಬೇಕು. ನಮ್ಮ ಭಾಷಾ ತರಗತಿಗಳಲ್ಲಿ ಯಾರೂ ಹೇಳುವುದಿಲ್ಲ.

ತರಬೇತಿಯ ವೃದ್ಧರ ನಿವಾಸದ ಭಾಗದಲ್ಲಿ ಇವರು ಚೆನ್ನಾಗಿ ಒಗ್ಗಿದರು. ಮರೆವಿನ ಕಾಯಿಲೆಯವರ ಜೊತೆ ಬಿ2 ವ್ಯಾಕರಣದ ಕಾಟವಿಲ್ಲ ಎಂದು ತಮಾಷೆ ಮಾಡುತ್ತಿದ್ದರು. ಆದರೆ ಅಲ್ಲಿನವರು ಮಾತಾಡುವುದು ಸ್ವಾಬಿಯನ್ ಆಡುನುಡಿ. ಬೆಂಗಳೂರಿನಲ್ಲಿ ಕನ್ನಡ ಕಲಿತವರನ್ನು ತಂದು ಹಿನ್ನೀರಿನಾಚೆಯ ತುಮರಿಯ ತೋಟದಲ್ಲಿ ಬಿಟ್ಟ ಹಾಗೆ ಆಯಿತು. ಬರವಣಿಗೆಯ ಕಷ್ಟವೂ ಇತ್ತು. ಅಲ್ಲಿ ಪ್ರತಿ ರೋಗಿಗೂ ಆರೈಕೆಯ ಯೋಜನೆ ಬರೆಯಬೇಕು, ಬರೆಯದಿದ್ದರೆ ಮಾಡಿಲ್ಲ ಎಂದೇ ಲೆಕ್ಕ.

ಆ ವರ್ಷದ ಕೊನೆಗೆ ಅಂತಿಮ ಮಾತುಕತೆ ಮುಗಿದು, ವೈದ್ಯಕೀಯ ಯೋಗ್ಯತಾ ಪತ್ರ, ಪೊಲೀಸ್ ಪತ್ರ, ಬಿ2 ಎಲ್ಲವನ್ನೂ ಸೇರಿಸಿ ಕೊಟ್ಟ ಮೇಲೆ ಮಾನ್ಯತೆಯ ಪತ್ರ ಕೈಗೆ ಬಂತು.

ಈಗ ಬಾಕಿ ಇರುವುದು ಎರಡು. ಇಲ್ಲಿನ ನೋಂದಣಿಯನ್ನು ಬಿಡಬೇಡಿ ಎಂದು ನಾನು ಪಟ್ಟು ಹಿಡಿದಿದ್ದೇನೆ. ನವೀಕರಣಕ್ಕೆ ನಿರಂತರ ಶಿಕ್ಷಣದ ಗಂಟೆಗಳನ್ನು ತೋರಿಸಬೇಕು, ಅದನ್ನು ರಜೆಯಲ್ಲಿ ಬಂದಾಗ ಮಾಡಿಕೊಳ್ಳುವುದು ಎಂದಾಗಿದೆ. ಗಂಡ ಶಿವಮೊಗ್ಗದಲ್ಲಿ ಎ1 ತರಗತಿಗೆ ಸೇರಿದ್ದಾರೆ, ಅಡಿಕೆ ಕೊನೆ ಕೊಯ್ಲಿನ ತಿಂಗಳುಗಳಲ್ಲಿ ತಪ್ಪಿಸಿಕೊಂಡು ಮತ್ತೆ ಮೊದಲಿಂದ ಶುರು ಮಾಡಿದ್ದಾರೆ. ಇವರ ಬ್ಯಾಚಿನ ಇನ್ನಿಬ್ಬರು ಅದೇ ಮಾಸ್ಟರ್ ರೊಟೇಶನ್ ಪ್ರತಿಗಾಗಿ ಟ್ರಸ್ಟಿಗೆ ಅರ್ಜಿ ಕೊಟ್ಟಿದ್ದಾರೆ. ಗುಮಾಸ್ತರು ಅದನ್ನು ಸ್ಕ್ಯಾನ್ ಮಾಡಿಸಿ ಇಟ್ಟಿದ್ದಾರೆ, ಉಳಿದ ಚೀಲಗಳನ್ನು ಇನ್ನೂ ಬಿಚ್ಚಿಲ್ಲ.